ಕಂದಕದ ಪಾರ್ಕಿನ ಬಾಂದುಕಲ್ಲು

“ಹಾರೆ ಇನ್ನೂ ಒಳಗೆ ಕೊಡೋ ಯತೀಶ. ಅದೇನು ಹಲ್ಲಿಗೆ ಕಡ್ಡಿ ಹಾಕಿದಂಗೆ ಆಡಿಸ್ತೀಯಾ?” ಎಂದು ಪಕ್ಕದ ಮನೆಯ ಶಾಂತವೀರಪ್ಪ ಗದರಿದರು.

ಯತೀಶ ಒಗೆಯುವ ಕಲ್ಲಿನ ಬುಡಕ್ಕೆ ಹಾರೆಯನ್ನು ಮತ್ತೆ ತೂರಿಸಿ ಮೈಭಾರವೆಲ್ಲ ಬಿಟ್ಟ. ಸತ್ತವರು ಅವನ ಸೋದರಮಾವ ಆನಂದಪ್ಪ, ಶಿಕಾರಿಪುರದಲ್ಲೇ ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದವರು. ದೇಹ ಜಗಲಿಯ ಗೋಡೆಗೆ ಒರಗಿ ಕೂತು ಸ್ನಾನಕ್ಕೆ ಕಾದಿತ್ತು. ಅಟ್ಟದಿಂದ ಇಳಿಸಿದ ಮಣೆ ಗೆದ್ದಲು ಹಿಡಿದು ಕೈಯಲ್ಲೇ ಪುಡಿಯಾಗಿತ್ತು. “ಬರೀ ನೆಲದ ಮ್ಯಾಲೆ ಬ್ಯಾಡ, ಕಲ್ಲಾದ್ರೂ ಆದೀತು” ಎಂದು ಅಯ್ಯನೋರು ಅಂದದ್ದೇ ತಡ, ಎಲ್ಲರಿಗೂ ಹಿತ್ತಲಿನ ಈ ಕಲ್ಲು ನೆನಪಾಗಿತ್ತು.

ಕಲ್ಲು ಎದ್ದಿತು. ಮೂವತ್ತು ವರ್ಷ ಗೋಡೆಯ ಬುಡದಲ್ಲಿ ಮಣ್ಣು ಕಚ್ಚಿಕೊಂಡಿದ್ದ ಅದರ ಒಂದು ತುದಿ ಬೆಳಕಿಗೆ ಬಂತು. ಶಾಂತವೀರಪ್ಪ ಬಗ್ಗಿ ಹೆಬ್ಬೆರಳಿನಿಂದ ಮಣ್ಣು ಒರೆಸಿದರು. ಒಂದು ಕೂಡಿಸುವ ಗುರುತು, ಅದರ ಕೆಳಗೆ ಉಳಿಯಲ್ಲಿ ಕೊರೆದ ಎರಡು ಅಕ್ಷರ: ಪು. ಸ.

ಪುರಸಭೆಯವರು ಪಾರ್ಕಿನ ಗಡಿಗೆ ನೆಟ್ಟ ಬಾಂದುಕಲ್ಲು. ಇಂಥದ್ದೇ ಇನ್ನೊಂದು ಕಲ್ಲನ್ನು ತೋರಿಸಿ ಆನಂದಪ್ಪ ಒಂದು ಕಾಲದಲ್ಲಿ ಶಾಂತವೀರಪ್ಪನ ಮನೆಯ ಗೋಡೆ ಕೆಡವಿಸಿದ್ದರು. ಆ ಅಕ್ಷರಗಳನ್ನು ಶಾಂತವೀರಪ್ಪ ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದರು.

ಬಿಸಿನೀರಿನ ಕೊಡ ಹಿಡಿದು ಬಂದಿದ್ದ ಆನಂದಪ್ಪನವರ ಮಗಳು ನೀಲಾಂಬಿಕ ಅಲ್ಲೇ ನಿಂತುಬಿಟ್ಟಳು. ಕಲ್ಲಿದ್ದ ಜಾಗಕ್ಕೂ, ಹಿತ್ತಲ ಕೊನೆಯಲ್ಲಿದ್ದ ಕಕ್ಕಸಿನ ಕೋಣೆಗೂ, ಅದಕ್ಕೆ ಅಂಟಿಕೊಂಡ ಪಾರ್ಕಿನ ಬೇಲಿಗೂ ಅವಳ ಕಣ್ಣು ಓಡಾಡಿತು. ಗಡಿಯ ಕಲ್ಲು ಕಿತ್ತು ಕಕ್ಕಸನ್ನು ಪಾರ್ಕಿನೊಳಗೆ ಕಟ್ಟಿದ್ದಾರೆಂದು ತಿಳಿಯಲು ಸರ್ವೇಯರೇ ಬರಬೇಕಿರಲಿಲ್ಲ.

“ತಿರುವಿ ಹಾಕೋ. ಅಕ್ಷರ ಕೆಳಗೆ ಬರಲಿ” ಎಂದು ಶಾಂತವೀರಪ್ಪ ಯತೀಶನ ಕಿವಿಯಲ್ಲಿ ಹೇಳಿದರು. ಆಮೇಲೆ ನೀಲಾಂಬಿಕಳ ಕಡೆ ತಿರುಗಿ, “ಹೆದರಬ್ಯಾಡ ತಂಗಿ. ಮೊದ್ಲು ಸ್ನಾನ ಆಗಲಿ” ಅಂದರು.

ಹೆದರಬೇಡ ಅಂದದ್ದಕ್ಕೇ ಅವಳಿಗೆ ಹೆದರಿಕೆ ಹುಟ್ಟಿದ್ದು.

ಅಂಗಳದಲ್ಲಿ ಕಲ್ಲಿನ ಮೇಲೆ ಆನಂದಪ್ಪನವರನ್ನು ಕೂರಿಸಿದರು. ಶಾಂತವೀರಪ್ಪ ತಲೆಗೆ ನೀರು ಹೊಯ್ದರು, ಕಿವಿಯ ಹಿಂದೆ ಉಜ್ಜಿದರು, ಕಾಲ್ಬೆರಳ ಸಂದಿಗಳನ್ನೂ ಬಿಡಲಿಲ್ಲ. ನೋಡಿದವರು, “ಎಷ್ಟು ದ್ವೇಷ ಇದ್ರೇನು, ಕಡೀಗೆ ಕೇರಿಯವನೇ ಆದ” ಎಂದು ಮಾತಾಡಿಕೊಂಡರು. ನೀಲಾಂಬಿಕ ಮಾತ್ರ ಆ ಕೈಯನ್ನೇ ನೋಡುತ್ತ ನಿಂತಿದ್ದಳು.

ಬಂದವರೆಲ್ಲ ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿನ್ನೆ ಬೆಳಗಿನ ಜಾವ ಐದೂವರೆಗೆ ಈ ಮನುಷ್ಯನಿಗೆ ಬಸ್ ಸ್ಟ್ಯಾಂಡಿನಲ್ಲಿ ಏನು ಕೆಲಸ? ಅಲ್ಲೇ ಕುಸಿದುಬಿದ್ದು ಹೋದದ್ದು. “ಸೊರಬದ ಮೊದಲ ಬಸ್ಸಿಗೆ ಬಂದಿದ್ರು. ಉಳವಿಗೆ, ನನ್ನ ನೋಡಕ್ಕೆ ಹೊರಟಿದ್ರು” ಎಂದು ನೀಲಾಂಬಿಕ ಎಲ್ಲರಿಗೂ ಹೇಳಿ ಹೇಳಿ ಅಳುತ್ತಿದ್ದಳು. ಎಂಟು ತಿಂಗಳಿಂದ ತವರಿಗೆ ಬಂದಿರಲಿಲ್ಲ.

ಸ್ನಾನ ಮುಗಿದು ಅಯ್ಯನೋರು ವಿಭೂತಿ ಹಚ್ಚಲು ಕೂತಾಗ ಶಾಂತವೀರಪ್ಪ ಅವಳನ್ನು ಹಿತ್ತಲಿಗೆ ಕರೆದರು.

“ನೋಡು ತಂಗಿ, ಸುತ್ತಿ ಬಳಸಿ ಮಾತಾಡೋನಲ್ಲ ನಾನು. ಸೋಮವಾರ ಸರ್ವೇರ್ ಬರ್ತಾರೆ, ನಿಮ್ಮಪ್ಪಂದೇ ಅರ್ಜಿ. ನನ್ನ ಗೊಬ್ಬರದ ಗೋದಾಮು ಪಾರ್ಕಿನೊಳಗೆ ಬಂದೈತಂತೆ. ಬಂದೈತೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಕಕ್ಕಸು?”

ನೀಲಾಂಬಿಕ ಕಕ್ಕಸಿನ ತಗಡಿನ ಬಾಗಿಲ ಕಡೆ ನೋಡಿದಳು.

“ಅರ್ಜಿದಾರ ಹೋದ. ವಾರಸುದಾರಳು ನೀನು. ಸೋಮವಾರ ನೀನು ಬಂದು ನಿಂತು ಸಹಿ ಹಾಕ್ಲಿಲ್ಲ ಅಂದ್ರೆ ಫೈಲು ಮುಚ್ತಾರೆ. ನಿಮ್ಮವ್ವನ ಕಕ್ಕಸು ಇರ್ತೈತೆ, ನನ್ನ ಗೋದಾಮೂ ಇರ್ತೈತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಇಲ್ಲಾಂದ್ರೆ ಕಾಕಾ?”

“ಇಲ್ಲಾಂದ್ರೆ ಈಗ್ಲೇ ಅಂಗಳಕ್ಕೆ ಹೋಗಿ ಆ ಕಲ್ಲು ತಿರುವಿ ಇಡ್ತೀನಿ. ಊರೆಲ್ಲ ಕೈಮುಗಿದು ನಿಂತೈತಲ್ಲ, ಅವ್ರೂ ಓದ್ಲಿ. ಮೂರು ಅಡಿಗೆ ನನ್ನ ಗೋಡೆ ಬೀಳಿಸಿದ ಸತ್ಯವಂತ ನಾಲ್ಕು ಅಡಿ ನುಂಗಿ ಅದರ ಮ್ಯಾಲೆ ಬಟ್ಟೆ ಒಗೆಸಿದ್ನಂತೆ ಅಂತ.” ಶಾಂತವೀರಪ್ಪ ಬೀದಿಯ ಕಡೆ ಕೈ ಮಾಡಿದರು. “ಅವತ್ತು ನಮ್ಮಪ್ಪ ಬೀದೀಲಿ ಸಾಮಾನಿನ ಮಧ್ಯೆ ಕೂತಿದ್ದ ತಂಗಿ. ಹಾದುಹೋಗೋರೆಲ್ಲ ನೋಡ್ತಿದ್ರು. ಅದಾದ ಮ್ಯಾಲೆ ಮಳೆಗಾಲ ಕಾಣಲಿಲ್ಲ ಅವನು.”

ಅದು ಸುಳ್ಳಲ್ಲ. ಹನ್ನೆರಡು ತುಂಬಿ ಹದಿಮೂರಕ್ಕೆ ಬಿದ್ದಿದ್ದ ನೀಲಾಂಬಿಕ ಆ ದಿನ ಕಿಟಕಿಯಿಂದ ನೋಡಿದ್ದಳು.

“ಅವ್ವನ್ನ ಒಂದು ಮಾತು ಕೇಳ್ತೀನಿ” ಅಂದಳು. ಒಪ್ಪಿಕೊಳ್ಳುವುದೆಂದು ಅವಳ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು.

* * *

ಕೋಟೆ ಬೀದಿ ಎಂದರೆ ಹೆಸರು ದೊಡ್ಡದು. ಕೋಟೆಯಲ್ಲಿ ಉಳಿದದ್ದು ಅರ್ಧ ಬುರುಜು, ಅದರ ಕೆಳಗೆ ಹೂಳು ತುಂಬಿದ ಕಂದಕ, ಕಂದಕಕ್ಕೆ ಬೆನ್ನು ಹಾಕಿ ಕೂತ ಒಂದು ಸಾಲು ಮನೆ. ಬೇವಿನ ಗಿಡ, ಲಂಟಾನ, ಹಂದಿ, ಒಡೆದ ಮಡಕೆ. ಆ ಕಂದಕ ಪಾರ್ಕ್ ಆಗಬೇಕೆಂದು ಆನಂದಪ್ಪ ಒಂಬತ್ತು ವರ್ಷ ಅರ್ಜಿ ಬರೆದರು. ಊರವರ ಕಾಗದ ಊರವರಿಗೆ ಹಂಚಿ ಬಂದು, ಸಂಜೆ ಕೂತು ತಮ್ಮ ಕಾಗದ ಬರೆಯುವರು. “ಮನೆಗೆ ಮಾರಿ, ಪರರಿಗೆ ಉಪಕಾರಿ” ಎಂದು ಪಕ್ಕದ ಮನೆಯ ಸುಂಕಲಮ್ಮ ಎದುರಿಗೇ ಅನ್ನುತ್ತಿದ್ದಳು.

ಕಡೆಗೂ ಪಾರ್ಕು ಬಂತು. ಲಂಟಾನ ಕಡಿದು ನೆಲ ಸಮ ಮಾಡಿದರು, ನಾಲ್ಕು ಮೂಲೆಗೆ ಬಾಂದುಕಲ್ಲು ನೆಟ್ಟರು, ಕಲ್ಲುಬೆಂಚು ಇಳಿಸಿದರು. ಆನಂದಪ್ಪ ಖಾಕಿ ಅಂಗಿಯಲ್ಲೇ ನಿಂತು ಆಕಾಶಮಲ್ಲಿಗೆ ಸಸಿ ನೆಟ್ಟರು. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು.

ಹೆಂಗಸರು ತಟ್ಟಲಿಲ್ಲ. ಆ ಸಾಲಿನ ಆರು ಮನೆಯ ಹೆಂಗಸರು ಹೊತ್ತು ಮೂಡುವ ಮೊದಲು, ಹೊತ್ತು ಮುಳುಗಿದ ಮೇಲೆ, ಚೊಂಬು ಹಿಡಿದು ಹೋಗುತ್ತಿದ್ದದ್ದು ಅದೇ ಕಂದಕಕ್ಕೆ, ಅದೇ ಲಂಟಾನದ ಮರೆಗೆ. ಒಂಬತ್ತು ವರ್ಷದ ಅರ್ಜಿಗಳಲ್ಲಿ ಎಲ್ಲಿಯೂ ಆ ವಿಷಯ ಬಂದಿರಲಿಲ್ಲ. ಬರೆಯುವವನಿಗೆ ಹೊಳೆದಿದ್ದರೆ ತಾನೆ!

ಗಂಡಸರು ಕೆರೆ ಕಡೆ ಹೋದರು. ಹೆಂಗಸರು ಹೊಟ್ಟೆ ಬಿಗಿಹಿಡಿದು ಕೂತರು. ನೀಲಾಂಬಿಕ ಮೈನೆರೆದದ್ದು ಅದೇ ತಿಂಗಳು. ಹೆಣ್ಣುಮಗಳನ್ನು ಎಲ್ಲಿಗೆ ಕಳಿಸುವುದು? ಅವಳ ತಾಯಿ ಶೇಷಮ್ಮ ಗಂಡನಿಗೆ ಹೇಳಿದಳು. “ಪುರಸಭೆಗೆ ಬರೀತೀನಿ” ಅಂದರು ಆನಂದಪ್ಪ.

ಇನ್ನೊಂದು ಒಂಬತ್ತು ವರ್ಷ ಕಾಯುವ ವ್ಯವಧಾನ ಶೇಷಮ್ಮನಿಗೆ ಇರಲಿಲ್ಲ.

* * *

ನಡುಮನೆಯ ಕತ್ತಲಲ್ಲಿ ಶೇಷಮ್ಮ ಗೋಡೆಗೆ ಒರಗಿ ಕೂತಿದ್ದಳು. ಆಚೆ ಈಚೆ ಸುಂಕಲಮ್ಮ ಮತ್ತು ಶಾಂತವೀರಪ್ಪನ ಹೆಂಡತಿ ಧನಲಕ್ಷ್ಮಿ. ನೀಲಾಂಬಿಕ ಅವರಿಬ್ಬರನ್ನು ಹೊರಗೆ ಕಳಿಸಿ, ಬಾಗಿಲು ಅರ್ಧ ಮುಚ್ಚಿ, ಎಲ್ಲ ಹೇಳಿದಳು.

“ಒಪ್ಪಿಬಿಡೋಣ ಅವ್ವ. ಅಪ್ಪನ ಹೆಸರು ಉಳೀತದೆ. ಈ ವಯಸ್ಸಲ್ಲಿ ನೀನು ಎಲ್ಲಿ ಹೋಗ್ತೀಯ? ಅಕ್ಕಪಕ್ಕ ಗೋಡೆಗೆ ಗೋಡೆ, ಇನ್ನೊಂದು ಕಟ್ಟಿಸಕ್ಕೆ ಗೇಣು ಜಾಗ ಇಲ್ಲ. ಅಪ್ಪ ಹಂಗೆ ಮಾಡಿದ್ರು ಅಂತ ನಂಗೆ ನಂಬಕ್ಕೇ ಆಗ್ತಿಲ್ಲ, ಆದ್ರೂ...”

“ನಿಮ್ಮಪ್ಪ ಮಾಡಲಿಲ್ಲ. ನಾನು ಮಾಡಿದ್ದು” ಎಂದಳು ಶೇಷಮ್ಮ.

ನೀಲಾಂಬಿಕ ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ಮುಚ್ಚಿದಳು.

“ಅವರು ವಾರದ ಮಟ್ಟಿಗೆ ಬೇರೆ ಊರಿನ ಡ್ಯೂಟಿಗೆ ಹೋಗಿದ್ರು, ನೀನು ಮೈನೆರೆದು ಒಳಗೆ ಕೂತಿದ್ದೆ, ಮಟಮಟ ಮಧ್ಯಾಹ್ನ. ನಾನು, ಸುಂಕಲಿ, ಮೂಲೆ ಮನೆ ಗೌರಕ್ಕ, ಈ ಶಾಂತವೀರನ ತಾಯಿ ಚೆನ್ನಬಸಮ್ಮತ್ತೆ. ಹಾರೆ ಅವರ ಮನೇದೇ. ಕಲ್ಲು ಕಿತ್ತು ತಂದು ಒಗಿಯಕ್ಕೆ ಹಾಕಿದ್ವಿ. ನಾಲ್ಕು ಅಡಿ ಆಚೆಗೆ ಗೋಡೆ ಎಬ್ಬಿಸಿದ್ವಿ. ಬೇಲಿ ಹಾಕೋರು ಬಂದೋರು ಕಲ್ಲು ಕಾಣದೆ ನಮ್ಮ ಗೋಡೆ ಹಿಡಿದೇ ತಂತಿ ಎಳ್ಕೊಂಡು ಹೋದ್ರು. ಆರು ಮನೆ ಹೆಂಗಸರಿಗೂ ಅದೇ ಆಯ್ತು, ಅವರವರ ಮನೇಲಿ ಕಟ್ಟಿಸ್ಕೊಳ್ಳೋ ತನಕ. ಧನಲಕ್ಷ್ಮಿ ಮದುವೆ ಆಗಿ ಬಂದೋಳು ಬಸುರೀಲಿ ಅಲ್ಲಿಗೇ ಓಡಿ ಬರ್ತಿದ್ಲು.”

“ಅಪ್ಪಂಗೆ ಗೊತ್ತಿತ್ತಾ?”

ಶೇಷಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಪೋಸ್ಟ್‌ಮನ್ ಕಣೇ ಅವರು. ಹೆಜ್ಜೆ ಎಣಿಸಿ ಬದುಕಿದೋರು.”

* * *

ಆನಂದಪ್ಪ ವಾರ ಕಳೆದು ಬಂದ ಸಂಜೆ ಸೈಕಲ್ ಒರಗಿಸಿ ಹಿತ್ತಲಿಗೆ ಬಂದರು. ಹೊಸ ಗೋಡೆ ನೋಡಿದರು. ಬೇವಿನ ಬುಡದಿಂದ ಗೋಡೆಯ ತನಕ ಹೆಜ್ಜೆ ಹಾಕಿದರು. ಒದ್ದೆ ಕಲ್ಲಿನ ಮುಂದೆ ಎಷ್ಟೋ ಹೊತ್ತು ನಿಂತರು. ಅಷ್ಟರಲ್ಲಿ ಕೋಣೆಯ ತಗಡಿನ ಬಾಗಿಲು ತೆರೆದು ನೀಲಾಂಬಿಕ ಹೊರಗೆ ಬಂದಳು. ಅಪ್ಪನನ್ನು ಕಂಡು ನಾಚಿ ತಲೆ ತಗ್ಗಿಸಿ ಒಳಗೆ ಓಡಿದಳು.

ಶೇಷಮ್ಮ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಬೈಗುಳ ಬರಲಿಲ್ಲ. ಆ ರಾತ್ರಿ ಆನಂದಪ್ಪ ಊಟ ಬೇಡ ಅಂದರು.

ಮರುವರ್ಷ ಶಾಂತವೀರಪ್ಪನ ತಂದೆ, ಸಾಲಿನ ಕೊನೆಯಲ್ಲಿ ಪಾರ್ಕಿನ ಬಾಗಿಲಿಗೆ ಹತ್ತಿಕೊಂಡಿದ್ದ ತಮ್ಮ ಮನೆಯ ಗೋಡೆಯನ್ನು ಅಂಗಡಿಗೆಂದು ಬೀದಿ ಕಡೆಯಿಂದ ಮೂರು ಅಡಿ ಪಾರ್ಕಿನ ಜಾಗಕ್ಕೆ ತಂದರು. ಆನಂದಪ್ಪ ಅರ್ಜಿ ಬರೆಯಲು ಕೂತರು.

“ಮತ್ತೆ ನಮ್ದು?” ಎಂದು ಕೇಳಿದಳು ಶೇಷಮ್ಮ.

ಆನಂದಪ್ಪ ಪೆನ್ನು ಮುಚ್ಚಿ ಎದ್ದು ಹೋದರು. ಅರ್ಜಿ ಮಾತ್ರ ಮರುದಿನ ಹೋಯಿತು. ‘ಪಾರ್ಕಿನ ಮುಂಭಾಗ ಅಳತೆ ಮಾಡಬೇಕು’ ಎಂದು ಅದರಲ್ಲಿತ್ತು, ಹಿಂಭಾಗದ ಸುದ್ದಿ ಇರಲಿಲ್ಲ.

* * *

“ಚೆನ್ನಬಸಮ್ಮಜ್ಜಿ ಯಾಕೆ ಬಾಯಿ ಬಿಡಲಿಲ್ಲ? ಅವರ ಗೋಡೆ ಬೀಳ್ತಿತ್ತಲ್ಲ!” ಎಂದು ನೀಲಾಂಬಿಕ ಕೇಳಿದಳು.

“ಬಿಟ್ಟಿದ್ರೆ ಕಕ್ಕಸೂ ಬೀಳ್ತಿತ್ತು. ಸೊಸೆ ಬಸುರಿ. ಗಂಡ ಬೀದೀಲಿ ಕೂತಿದ್ರೂ ಆ ಹೆಂಗಸು ಹಲ್ಲು ಕಚ್ಕೊಂಡು ಇತ್ತು. ಆ ಪಾಪ ನಂದು.” ಶೇಷಮ್ಮ ಮಗಳ ಕೈ ಹಿಡಿದಳು. “ಇನ್ನೊಂದು ಮಾತೈತೆ. ನಿಂಗೆ ನೋವಾಗ್ತೈತೆ, ಆದ್ರೂ ಹೇಳ್ತೀನಿ. ಅವರು ನಿನ್ನ ನೋಡಕ್ಕೆ ಹೊರಟಿರಲಿಲ್ಲ.”

“ಏನು?”

“ಆ ಕಕ್ಕಸಿನೊಳಗೆ ನಿಮ್ಮಪ್ಪ ಒಂದು ದಿನಾನೂ ಕಾಲಿಡಲಿಲ್ಲ. ಮೊದ್ಲು ಚೊಂಬು ಹಿಡ್ಕೊಂಡು ಕೆರೆ ಕಡೆ ಹೋಗೋರು. ಬಸ್ ಸ್ಟ್ಯಾಂಡಲ್ಲಿ ದುಡ್ಡು ಕೊಟ್ಟು ಹೋಗೋ ಕಕ್ಕಸು ಆದ ಮ್ಯಾಲೆ ದಿನಾ ಅಲ್ಲಿಗೆ. ಪೇಪರ್ ಓದಕ್ಕೆ ಹೋಗ್ತಾರೆ ಅಂತ ಊರೆಲ್ಲ ಅನ್ಕೊಂಡಿತ್ತು. ಮಳೆ ಇರಲಿ, ಜ್ವರ ಇರಲಿ. ನಂಗೆ ಹೋಗಬ್ಯಾಡ ಅನ್ನಲಿಲ್ಲ, ನಿಂಗೆ ಅನ್ನಲಿಲ್ಲ. ತಾವು ಹೋಗಲಿಲ್ಲ, ಅಷ್ಟೇ. ಎಪ್ಪತ್ತೆಂಟು ವರ್ಷದ ಮುದುಕ ನಿನ್ನೆ ಬೆಳಿಗ್ಗೆ ಕತ್ತಲಲ್ಲಿ ಅಲ್ಲಿಗೆ ಹೋದದ್ದು ಅದಕ್ಕೇ.”

ಬೆಳಗಿನಿಂದ ಅಷ್ಟು ಜನರ ಮುಂದೆ ಹೇಳಿಕೊಂಡು ನೀಲಾಂಬಿಕ ಅತ್ತ ಮಾತು ಸುಳ್ಳಾಗಿತ್ತು. ಅಪ್ಪ ತನಗಾಗಿ ಹೊರಟಿರಲಿಲ್ಲ. ತಾನು ಹುಡುಗಿಯಾಗಿದ್ದಾಗ ನೆಮ್ಮದಿಯಿಂದ ಬಾಗಿಲು ಹಾಕಿಕೊಂಡ ಆ ನಾಲ್ಕು ಅಡಿಗಾಗಿ ಮೂವತ್ತು ವರ್ಷ ಹೊರಡುತ್ತಲೇ ಇದ್ದರು. ಅವಳಿಗೆ ಅಳುವೂ ಬರಲಿಲ್ಲ. ಸಿಟ್ಟು ಬಂತು. “ಬಾಯಿ ಬಿಟ್ಟು ಹೇಳಬಾರದಿತ್ತಾ ಅವ್ವ? ನೀನಾದ್ರೂ ಕೇಳಬಾರದಿತ್ತಾ?”

“ಕೇಳಿದ್ರೆ ಕೆಡವಿಬಿಡ್ತಾರೇನೋ ಅಂತ ಹೆದ್ರಿಕೆ ನಂಗೆ. ಹೇಳಿದ್ರೆ ನಾನು ಎಲ್ಲಿಗೆ ಹೋಗ್ತೀನೋ ಅಂತ ಅವರಿಗೆ ಹೆದ್ರಿಕೆ. ಹಂಗೇ ಮುಗೀತು.”

ಶೇಷಮ್ಮ ಗೋಡೆ ಹಿಡಿದು ಎದ್ದಳು. “ಹೋದ ತಿಂಗಳ ಅರ್ಜಿ ನಾನೇ ಓದಿ ಪೋಸ್ಟಿಗೆ ಹಾಕಿದ್ದು. ‘ನಾಲ್ಕೂ ಕಡೆ ಅಳೆಯಬೇಕು’ ಅಂತ ಬರ್ದಾರೆ. ನಮ್ಮ ಕಡೆ ಬಿಟ್ಟು ಮೂರು ಕಡೆ ಅಂತ ಬರೀಲಿಲ್ಲ. ಗೊತ್ತಾಯ್ತಾ? ಈಗ ನೀನು ಶಾಂತವೀರನ ಮಾತು ಕೇಳಿದ್ರೆ ನಿಮ್ಮಪ್ಪನ ಬಾಯಿ ಇನ್ನೊಂದು ಸಲ ಮುಚ್ಚಿದಂಗೆ.”

* * *

ಅಂಗಳದಲ್ಲಿ ಹೆಣ ಕೂರಿಸಿ ಹೊರುವ ವಿಮಾನ ಸಿದ್ಧವಾಗಿತ್ತು. ಬಾಳೆಕಂದು, ಚೆಂಡುಹೂವಿನ ಸರ. ಆನಂದಪ್ಪ ಬಿಳಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದರು. ಎತ್ತುವುದಕ್ಕೆ ನಾಲ್ವರು ಬಗ್ಗಿದ್ದರು.

“ಎತ್ತಬ್ಯಾಡ್ರಿ” ಎಂದಳು ಶೇಷಮ್ಮ.

ಭಜನೆಯವರ ತಾಳ ನಿಂತಿತು. ಶೇಷಮ್ಮ ಕಲ್ಲಿನ ಹತ್ತಿರ ಹೋಗಿ ಯತೀಶನಿಗೆ, “ತಿರುವಿ ಇಡಪ್ಪ” ಅಂದಳು. ಯತೀಶ ಶಾಂತವೀರಪ್ಪನ ಮುಖ ನೋಡಿದ. “ಅವನ ಮಖ ಏನು ನೋಡ್ತೀ? ಸತ್ತೋರು ನನ್ನ ಗಂಡ.”

ಕಲ್ಲು ತಿರುಗಿತು. ಮುಂದಿದ್ದವರು ಓದಿದರು, ಹಿಂದಿದ್ದವರಿಗೆ ಹೇಳಿದರು. ಗುಸುಗುಸು ಬೀದಿಯ ತನಕ ಹೋಯಿತು.

“ಇದು ಪಾರ್ಕಿನ ಕಲ್ಲು. ಕಿತ್ತೋಳು ನಾನು. ನಮ್ಮ ಕಕ್ಕಸು ಪಾರ್ಕಿನ ಜಾಗದಲ್ಲೈತೆ. ಈ ಕಲ್ಲು ಅದರ ಜಾಗಕ್ಕೆ ಹೋಗಲಿ, ಆಮ್ಯಾಲೆ ಇವರು ಹೋಗ್ತಾರೆ.”

“ಅತ್ತಿಗೆ, ತಲೆ ಕೆಟ್ಟೈತಾ ನಿಮ್ಗೆ?” ಶಾಂತವೀರಪ್ಪ ಮುಂದೆ ಬಂದರು. ಕೈಯಲ್ಲಿದ್ದ ಹಿಡಿತ ಜಾರಿ ಹೋಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. “ಹೆಣದ ಮುಂದೆ ಇದೆಂಥ ನಾಟಕ! ಗಂಡನ ತಪ್ಪು ಮುಚ್ಚಕ್ಕೆ ನೀವು ತಲೆ ಕೊಡ್ತೀರಾ? ಆ ಕಲ್ಲು ನಿಮ್ಮೊಬ್ಬರಿಂದ ಅಲ್ಲಾಡಿಸಕ್ಕಾದ್ರೂ ಆಗ್ತೈತಾ? ಯಾರು ನಂಬ್ತಾರೆ?”

“ಒಬ್ಬಳಲ್ಲೋ” ಎಂದಳು ಸುಂಕಲಮ್ಮ ಕೂತಲ್ಲಿಂದಲೇ. “ನಾಲ್ಕು ಜನ. ಎರಡು ಜನ ಹೋದ್ರು, ಎರಡು ಜನ ಅದೀವಿ. ಹಾರೆ ಮೀಟಿದ್ದು ನಿಮ್ಮವ್ವ ಚೆನ್ನಬಸಮ್ಮ. ಅವಳ ರಟ್ಟೆ ಗಟ್ಟಿ ಇತ್ತು.”

“ಬಾಯಿಗೆ ಬಂದಂಗೆ ಮಾತಾಡಬ್ಯಾಡ ಮುದುಕಿ! ನಮ್ಮವ್ವ ಹಂಗೆ ಮಾಡಿದ್ರೆ ನಮ್ಮಪ್ಪನ್ನ ಬೀದಿಗೆ ಬಿಡ್ತಿದ್ಲಾ?”

“ಮಾಡಿದ್ರು ಕಣ್ರಿ.” ಧನಲಕ್ಷ್ಮಿಯ ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿತು. ಮೂವತ್ತು ವರ್ಷದಲ್ಲಿ ಅವಳು ಗಂಡನ ಮಾತಿಗೆ ಹತ್ತು ಜನರೆದುರು ಎದುರಾಡಿದ್ದು ಯಾರೂ ನೋಡಿರಲಿಲ್ಲ. “ಸಾಯೋ ಮುಂಚೆ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು, ನಿಮಗೆ ಹೇಳಬ್ಯಾಡ ಅಂತ. ನಾನು ಯತ್ಲಾಗೆ ಹೋಗಬೇಕಿತ್ತು ಹೇಳ್ರಿ ಆಗ? ತುಂಬಿದ ಬಸುರಿ. ನೀವು ಯಾವತ್ತಾದ್ರೂ ಕೇಳಿದ್ರಾ, ಎಲ್ಲಿಗೆ ಹೋಗಿ ಬರ್ತೀಯ ಅಂತ?”

ಅಲ್ಲಿದ್ದ ಗಂಡಸರಲ್ಲಿ ಒಬ್ಬರಾದರೂ ಕೇಳಿದ್ದರೇ! ಒಬ್ಬೊಬ್ಬರಾಗಿ ಎಲ್ಲರೂ ನೆಲ ನೋಡತೊಡಗಿದರು.

ಅಯ್ಯನೋರು ಬಿಸಿಲು ನೋಡಿ, “ಹೊತ್ತು ಮುಳುಗೋದ್ರೊಳಗೆ ಮಣ್ಣು ಆಗಬೇಕು. ಏನು ಮಾಡ್ತೀರೋ ಬೇಗ ಮಾಡ್ರಿ” ಅಂದರು.

ನೀಲಾಂಬಿಕ ಹಾರೆ ತಂದು ಯತೀಶನ ಕೈಗೆ ಕೊಟ್ಟಳು. “ಕಾಕಾ, ಸೋಮವಾರ ನಾನು ಬರ್ತೀನಿ. ಸಹಿ ಹಾಕ್ತೀನಿ” ಎಂದು ಶಾಂತವೀರಪ್ಪನಿಗೆ ಹೇಳಿದಳು. ಅವರು ಅವಳ ಮುಖ ನೋಡದೆ, “ಸೋಮವಾರದ್ದು ಸೋಮವಾರ” ಎಂದಷ್ಟೇ ಗೊಣಗಿದರು.

ಬೇವಿನ ಬುಡದಿಂದ ಹೆಜ್ಜೆ ಎಣಿಸಿ ಸುಂಕಲಮ್ಮ ಜಾಗ ತೋರಿಸಿದಳು. ಅದು ಕಕ್ಕಸಿನ ನೆಲದ ಸರಿಯಾಗಿ ನಡುವಿಗೆ ಬಂತು. ಯತೀಶ ಸಿಮೆಂಟು ಒಡೆದ, ಪಿಂಗಾಣಿ ಕಿತ್ತ, ಕುಣಿ ತೋಡಿದ. ನಾಲ್ಕು ಜನ ಕಲ್ಲು ಹೊತ್ತು ತಂದು ನಿಲ್ಲಿಸಿದರು. ತಗಡಿನ ಬಾಗಿಲ ಒಳಗೆ, ಮಾಡಿನ ಕೆಳಗೆ, ಪು. ಸ. ಎಂದು ಬರೆಸಿಕೊಂಡ ಕಲ್ಲು ಒಂದಾಳಿನ ಹಾಗೆ ನಿಂತಿತು. ಶೇಷಮ್ಮ ಒಮ್ಮೆ ಇಣುಕಿ ನೋಡಿ, ಬಂದು ಗಂಡನ ಪಾದ ಮುಟ್ಟಿದಳು. “ಆಯ್ತು, ಹೋಗ್ಬರ್ರಿ” ಎಂದು ಜೋರಾಗಿ ಅತ್ತಳು.

ವಿಮಾನ ಪಾರ್ಕಿನ ಸುತ್ತ ಒಂದು ಸುತ್ತು ಹಾಕಿ ರುದ್ರಭೂಮಿಗೆ ಹೋಯಿತು. ಹೆಗಲು ಕೊಟ್ಟವರಲ್ಲಿ ಶಾಂತವೀರಪ್ಪನೂ ಇದ್ದರು.

* * *

ಮಣ್ಣು ಮಾಡಿ ಬಂದವರು ಕಾಲು ತೊಳೆದು, ದೀಪ ನೋಡಿ, ಅವರವರ ಮನೆಗೆ ಹೋದರು. ಹೊತ್ತು ಮುಳುಗುತ್ತಿತ್ತು. ಶೇಷಮ್ಮ ಬೆಳಗಿನಿಂದ ಒಂದು ಲೋಟ ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ. ಈಗ ನೀರು ಕೊಟ್ಟರೂ ಬೇಡ ಅಂದಳು.

“ಕುಡಿ ಅವ್ವ.”

“ಬ್ಯಾಡವ್ವ. ಕುಡಿದ್ರೆ ಹೋಗಬೇಕಾಗ್ತೈತೆ.”

ನೀಲಾಂಬಿಕ ಲೋಟ ಹಿಡಿದೇ ಹಿತ್ತಲ ಬಾಗಿಲಿಗೆ ಬಂದಳು. ಪಕ್ಕದ ಹಿತ್ತಲಲ್ಲಿ ಬಲ್ಬು ಹೊತ್ತಿಕೊಂಡಿತು. ಶಾಂತವೀರಪ್ಪ ಪಂಚೆ ಎತ್ತಿ ಕಟ್ಟಿ, ನಲ್ಲಿಯಿಂದ ಎರಡು ಕೊಡ ನೀರು ಹೊತ್ತು ತಮ್ಮ ಕಕ್ಕಸಿನ ಬಕೆಟ್ಟಿಗೆ ತುಂಬುತ್ತಿದ್ದರು. ತುಂಬಿ, ಚೊಂಬು ತೊಳೆದಿಟ್ಟು, ಕಾಲಿಗೆ ಅಡ್ಡವಾಗಿದ್ದ ಗೊಬ್ಬರದ ಚೀಲಗಳನ್ನು ಒಂದೊಂದಾಗಿ ಬದಿಗೆ ಎಳೆದರು. ಎರಡು ಹಿತ್ತಲಿಗೂ ನಡುವೆ ಇದ್ದ ಮುಳ್ಳುಬೇಲಿಯ ಪಡಕನ್ನು ಎತ್ತಿ ಪಕ್ಕಕ್ಕೆ ಇಟ್ಟರು.

“ಅತ್ತಿಗೇ, ಬರ್ರಿ” ಎಂದು ಧನಲಕ್ಷ್ಮಿ ಕೂಗಿದಳು.

ಶೇಷಮ್ಮ ಮಗಳ ಕೈಯಿಂದ ಲೋಟ ತೆಗೆದುಕೊಂಡು ಗಟಗಟ ಕುಡಿದಳು. ಶಾಂತವೀರಪ್ಪ ದುಡುದುಡು ಬೀದಿಗೆ ಇಳಿದರು. ಹಿತ್ತಲು ಕಾಣುವ ಕಟ್ಟೆಯ ಮೇಲೆ ಕೂತಿದ್ದ ಇಬ್ಬರನ್ನು “ಏಳ್ರೋ, ಆಚೆ ಹೋಗ್ರೋ” ಎಂದು ಎಬ್ಬಿಸಿ, ಬುರುಜಿನ ಕಡೆ ಮುಖ ಮಾಡಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ತಿರುಗಿ ನೋಡದೆ ನಿಂತರು.